ಕೂಲಂಟ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾವನವರು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಹಳೆಯ ಎಸ್‌ಯುವಿ ಒಂದನ್ನು ಕೊಂಡಿದ್ದರು. ನಾಲ್ಕು ತಿಂಗಳಾದ ಮೇಲೆ ಶಿರಾಡಿ ಘಾಟಿ ಹತ್ತುವಾಗ ಕಾರು ನಡುಗಲಾರಂಭಿಸಿತು. ಕಲ್ಲುಮಣ್ಣಿನ ದಾರಿಯಲ್ಲಿ ಓಡುವಂತಹ ನಡುಕ, ಆದರೆ ರಸ್ತೆ ನುಣುಪಾಗಿತ್ತು. ವರ್ಕ್‌ಶಾಪ್‌ನವರು ಗೇರ್‌ಬಾಕ್ಸ್ ಎಣ್ಣೆ ಬದಲಿಸಿ ಕಳಿಸಿದರು. ಹದಿನೈದು ದಿನಕ್ಕೆ ನಡುಕ ಮರಳಿತು. ಮತ್ತೊಮ್ಮೆ ಎಣ್ಣೆ ಬದಲಾಯಿತು. ಮೂರನೆಯ ಸಲ ನೋಡಿದ ಹಿರಿಯ ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಮುಟ್ಟುವ ಮೊದಲೇ ರೇಡಿಯೇಟರ್ ಮುಚ್ಚಳ ತೆಗೆದರು. ಅದರ ಅಡಿಯಲ್ಲಿ ಗುಲಾಬಿ ಬಣ್ಣದ ಕೆನೆ ಕಟ್ಟಿತ್ತು. ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಗೇರ್‌ಬಾಕ್ಸ್ ಎಣ್ಣೆಯೊಂದಿಗೆ ಬೆರೆತಿತ್ತು. ಅಷ್ಟು ಹೊತ್ತಿಗೆ ಒಳಗಿನ ಕ್ಲಚ್ ಪ್ಲೇಟ್‌ಗಳು ಹೋಗಿದ್ದವು.

ಅಂದಿನಿಂದ ಬಂಧುಗಳು, ಸ್ನೇಹಿತರು, ಅವರ ಸ್ನೇಹಿತರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಕೂಲಂಟ್ ಎಂಜಿನ್‌ಗೆ ಸೇರಿದ್ದು. ಗೇರ್‌ಬಾಕ್ಸ್‌ಗೂ ಅದಕ್ಕೂ ಏನು ಸಂಬಂಧ?

ಗೇರ್‌ಬಾಕ್ಸ್‌ನೊಳಗೆ ಕೂಲಂಟ್ ಹರಿಯುವುದಿಲ್ಲ. ಅಲ್ಲಿ ಹರಿಯುವುದು ಎಟಿಎಫ್ ಎಂದು ಕರೆಯುವ ತೆಳುವಾದ, ಸಾಮಾನ್ಯವಾಗಿ ಕೆಂಪು ಬಣ್ಣದ ಎಣ್ಣೆ. ಈ ಎಣ್ಣೆ ಬಿಸಿಯಾಗುತ್ತದೆ, ಅದನ್ನು ಎಲ್ಲಾದರೂ ತಣಿಸಬೇಕು. ಅನೇಕ ಕಾರುಗಳಲ್ಲಿ ಆ ಕೆಲಸ ನಡೆಯುವುದು ಎಂಜಿನ್‌ನ ರೇಡಿಯೇಟರ್‌ನಲ್ಲಿಯೇ. ರೇಡಿಯೇಟರ್‌ನ ಪಕ್ಕದ ಅಥವಾ ಕೆಳಗಿನ ತೊಟ್ಟಿಯೊಳಗೆ ಒಂದು ಚಿಕ್ಕ ಲೋಹದ ಕೂಲರ್ ಮುಳುಗಿರುತ್ತದೆ. ಗೇರ್‌ಬಾಕ್ಸ್‌ನಿಂದ ಒಂದು ಪೈಪಿನಲ್ಲಿ ಬಂದ ಎಣ್ಣೆ ಅದರೊಳಗೆ ಸುತ್ತಿ, ಹೊರಗಿರುವ ಕೂಲಂಟ್‌ಗೆ ತನ್ನ ಬಿಸಿಯನ್ನು ಕೊಟ್ಟು, ಇನ್ನೊಂದು ಪೈಪಿನಲ್ಲಿ ಹಿಂತಿರುಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಅಂಗೈ ಅಗಲದ ಹೀಟ್ ಎಕ್ಸ್‌ಚೇಂಜರ್ ಗೇರ್‌ಬಾಕ್ಸ್‌ನ ಮೈಗೇ ಅಂಟಿಕೊಂಡಿರುತ್ತದೆ, ಕೂಲಂಟ್ ಹೋಸ್‌ಗಳು ಅಲ್ಲಿಯವರೆಗೆ ಹೋಗುತ್ತವೆ.

ಅಂದರೆ ಎರಡು ದ್ರವಗಳ ನಡುವೆ ಇರುವುದು ಒಂದು ತೆಳು ಲೋಹದ ಗೋಡೆ. ಆ ಗೋಡೆ ಗಟ್ಟಿಯಾಗಿರುವಷ್ಟು ಕಾಲ ಕೂಲಂಟ್ ಗೇರ್‌ಬಾಕ್ಸನ್ನು ಕಾಯುತ್ತದೆ. ಗೋಡೆಯನ್ನು ತುಕ್ಕಿನಿಂದ ಉಳಿಸುವುದೂ ಕೂಲಂಟ್‌ನ ಕೆಲಸವೇ, ಮತ್ತು ಅದು ಹಳೆಯದಾದಾಗ ಗೋಡೆಯನ್ನು ತಿನ್ನುವುದೂ ಅದೇ.

ಗೇರ್‌ಬಾಕ್ಸ್ ಅಷ್ಟೇಕೆ ಬಿಸಿಯಾಗುತ್ತದೆ?

ಬಿಸಿಯ ದೊಡ್ಡ ಪಾಲು ಹುಟ್ಟುವುದು ಟಾರ್ಕ್ ಕನ್ವರ್ಟರ್‌ನಲ್ಲಿ. ಎದುರುಬದುರಾಗಿ ಎರಡು ಫ್ಯಾನ್‌ಗಳಿವೆ ಎಂದುಕೊಳ್ಳಿ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎರಚಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಎರಡರ ವೇಗದಲ್ಲಿ ಅಂತರವಿದ್ದಷ್ಟೂ ಎಣ್ಣೆ ಕಲಕಿ ಬಿಸಿಯಾಗುತ್ತದೆ. ಸಿಗ್ನಲ್‌ನಲ್ಲಿ ಡಿ ಗೇರ್‌ನಲ್ಲಿಟ್ಟು ಬ್ರೇಕ್ ಒತ್ತಿ ನಿಂತಾಗ ಮೊದಲನೆಯದು ತಿರುಗುತ್ತಿದ್ದು ಎರಡನೆಯದು ನಿಂತಿರುತ್ತದೆ. ಆಗ ಕನ್ವರ್ಟರ್‌ಗೆ ಬಂದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಲಾಕ್‌ಅಪ್ ಕ್ಲಚ್ ಎರಡನ್ನೂ ಬೆಸೆಯುವುದರಿಂದ ಬಿಸಿ ಕಡಿಮೆ.

ಆದ್ದರಿಂದಲೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ಒಂದು ಗಂಟೆ ತೆವಳುವುದು ಗೇರ್‌ಬಾಕ್ಸ್‌ಗೆ ಹೆದ್ದಾರಿಯ ಒಂದು ಗಂಟೆಗಿಂತ ಕಷ್ಟದ ಕೆಲಸ. ತುಂಬಿದ ಕಾರಿನಲ್ಲಿ ಆಗುಂಬೆ, ಚಾರ್ಮಾಡಿಗಳ ತಿರುವು ಹತ್ತುವುದಂತೂ ಇನ್ನೂ ಕಷ್ಟ. ಘಾಟಿಯಲ್ಲಿ ಗೇರ್‌ಬಾಕ್ಸ್ ಎರಡು ಗೇರ್‌ಗಳ ನಡುವೆ ಮೇಲೆ ಕೆಳಗೆ ಹಾರುತ್ತಿದ್ದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್ ಹಿಡಿಯಿರಿ. ಎಂಜಿನ್ ಶಬ್ದ ಹೆಚ್ಚಾದರೂ ಎಣ್ಣೆಗೆ ಅದೇ ಹಿತ.

ಎಟಿಎಫ್‌ಗೆ ಒಗ್ಗುವ ಬಿಸಿ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆಯ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಸ್ಥೂಲ ಲೆಕ್ಕ. 120 ಡಿಗ್ರಿ ದಾಟಿ ಓಡುತ್ತಲೇ ಇದ್ದರೆ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ವಾಲ್ವ್‌ಗಳ ಮೇಲೆ ಅಂಟು ಪೊರೆ ಕೂರುತ್ತದೆ.

ನನ್ನದು ಎಎಂಟಿ. ನಾನೂ ಚಿಂತಿಸಬೇಕೇ?

ಗೇರ್‌ಬಾಕ್ಸ್‌ನ ಮಟ್ಟಿಗೆ ಬೇಡ. ಎಎಂಟಿ ಎಂದರೆ ಸಾಮಾನ್ಯ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗೆ ಕ್ಲಚ್ ಒತ್ತುವ, ಗೇರ್ ಹಾಕುವ ಯಂತ್ರದ ಕೈಗಳನ್ನು ಜೋಡಿಸಿದ್ದು. ಅಲ್ಲಿ ಎಣ್ಣೆಯನ್ನು ಕೂಲಂಟ್‌ನಿಂದ ತಣಿಸುವ ಏರ್ಪಾಡು ಇರುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದ 7 ಸ್ಪೀಡ್ ಡಿಕ್ಯೂ200 ತರಹದ ಒಣ ಕ್ಲಚ್ ಡಿಸಿಟಿಗಳಲ್ಲೂ (ಎರಡು ಕ್ಲಚ್‌ಗಳ ಗೇರ್‌ಬಾಕ್ಸ್) ಕ್ಲಚ್ ತಣಿಯುವುದು ಗಾಳಿಯಿಂದ.

ಸಂಬಂಧ ಇರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್‌ಗಳಿಗೆ, ಗೇರ್‌ಗಳ ಬದಲು ಬೆಲ್ಟ್, ಪುಲ್ಲಿಗಳಿರುವ ಬಹುತೇಕ ಸಿವಿಟಿಗಳಿಗೆ ಮತ್ತು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ ಡಿಸಿಟಿಗಳಿಗೆ. ಟೊಯೋಟಾದ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಮೋಟರ್‌ಗೆ ವಿದ್ಯುತ್ ಹದಮಾಡಿ ಕೊಡುವ ಇನ್ವರ್ಟರ್‌ಗೆಂದೇ ಬೇರೆ ಕೂಲಂಟ್ ಡಬ್ಬಿ ಇರುತ್ತದೆ. ಎಂಜಿನ್‌ನ ಡಬ್ಬಿ ನೋಡಿ ಅದನ್ನು ಮರೆಯುವವರು ಬಹಳ.

ಕೂಲಂಟ್ ಎಟಿಎಫ್‌ನೊಳಗೆ ಸೇರಿದರೆ ನಿಜಕ್ಕೂ ಏನಾಗುತ್ತದೆ? ಸ್ವಲ್ಪ ಸೇರಿದರೆ ಪರವಾಗಿಲ್ಲವೇ?

ಸ್ವಲ್ಪವೂ ಆಗದು. ಕಾರಣ ಕ್ಲಚ್ ಪ್ಲೇಟ್‌ಗಳ ರಚನೆಯಲ್ಲಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನೊಳಗಿನ ಉಕ್ಕಿನ ತಟ್ಟೆಗಳ ಮೇಲೆ ಹಿಡಿತಕ್ಕಾಗಿ ಅಂಟಿಸಿರುವ ಪದರ ಬಹುಪಾಲು ಕಾಗದದ ಜಾತಿಯದು. ನಾರು, ತುಂಬುವಸ್ತು, ರಾಳ ಸೇರಿಸಿ ಒತ್ತಿ ಮಾಡಿದ, ಸೂಕ್ಷ್ಮ ರಂಧ್ರಗಳಿರುವ ಪದರ. ಎಣ್ಣೆಯಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ನೀರು ಸಿಕ್ಕಿತೆಂದರೆ ಎಣ್ಣೆಯನ್ನು ಬಿಟ್ಟು ನೀರನ್ನು ಹೀರಿಕೊಂಡು ಊದಿಕೊಳ್ಳುತ್ತದೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಪದರವನ್ನು ಉಕ್ಕಿಗೆ ಹಿಡಿದಿಟ್ಟ ಅಂಟನ್ನು ಸಡಿಲಗೊಳಿಸುತ್ತದೆ. ಮೊದಲು ಹಿಡಿತ ತಪ್ಪಿ ನಡುಕ ಬರುತ್ತದೆ, ಆಮೇಲೆ ಪದರ ಚೂರುಚೂರಾಗಿ ಎದ್ದುಬರುತ್ತದೆ. ಆ ಚೂರುಗಳು ಫಿಲ್ಟರ್ ಕಟ್ಟಿ, ಎಣ್ಣೆಯನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಇದರ ಜೊತೆಗೆ ನೀರು ಬೇರಿಂಗ್‌ಗಳಿಗೂ ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್‌ಗಳಿಗೂ ತುಕ್ಕು ಹಿಡಿಸುತ್ತದೆ, ಎಣ್ಣೆಯ ನೊರೆ ಹೆಚ್ಚಿಸುತ್ತದೆ. ನೊರೆ ತುಂಬಿದ ಎಣ್ಣೆಯಿಂದ ಪಂಪ್ ಸರಿಯಾದ ಒತ್ತಡ ಕಟ್ಟಲಾರದು. ಒತ್ತಡ ಇಳಿದಾಗ ಕ್ಲಚ್‌ಗಳು ಇನ್ನಷ್ಟು ಜಾರುತ್ತವೆ, ಬಿಸಿ ಇನ್ನಷ್ಟು ಏರುತ್ತದೆ. ಸಿವಿಟಿಯಲ್ಲಾದರೆ ಉಕ್ಕಿನ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಗೀರು ಬೀಳಬಹುದು. ಒಮ್ಮೆ ಗೀರು ಬಿದ್ದ ಪುಲ್ಲಿಯನ್ನು ಎಣ್ಣೆ ಬದಲಿಸಿ ಸರಿಮಾಡಲಾಗದು.

ಇದು ಎಲ್ಲೋ ಒಂದೆರಡು ಕಾರಿಗೆ ಆಗುವುದಲ್ಲವೇ?

ಅಮೆರಿಕದಲ್ಲಿ ನಿಸಾನ್‌ನ 2005ರಿಂದ 2010ರವರೆಗಿನ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ವಾಹನಗಳದ್ದು ಇದರ ಬಹು ಚರ್ಚಿತ ಉದಾಹರಣೆ. ರೇಡಿಯೇಟರ್‌ನೊಳಗಿನ ಕೂಲರ್ ಸೋರಿ ಕೂಲಂಟ್ ಮತ್ತು ಎಟಿಎಫ್ ಬೆರೆತವು. ಮಾಲೀಕರು ಆ ಮಿಶ್ರಣವನ್ನು ‘ಸ್ಟ್ರಾಬೆರಿ ಮಿಲ್ಕ್‌ಶೇಕ್’ ಎಂದು ಕರೆದರು, ಈಗ ಆ ಹೆಸರು ಜಗತ್ತಿನ ಮೆಕ್ಯಾನಿಕ್‌ಗಳಿಗೆಲ್ಲ ಪರಿಚಿತ. ಕಂಪನಿ ಆ ವಾಹನಗಳ ರೇಡಿಯೇಟರ್ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ, ಅಂದರೆ ಸುಮಾರು 1.29 ಲಕ್ಷ ಕಿಲೋಮೀಟರ್‌ಗೆ, ವಿಸ್ತರಿಸಿತು. ಮಾಲೀಕರು ಒಟ್ಟಾಗಿ ಹೂಡಿದ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಅದಕ್ಕೂ ಮೊದಲು 2000ದ ದಶಕದ ಆರಂಭದ ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಇದೇ ಬಗೆಯ ತೊಂದರೆ ಕಂಡಿತ್ತು. ಗ್ಲೈಕಾಲ್ ಸೇರಿದ್ದರಿಂದ ಅವು ಹಗುರವಾಗಿ ವೇಗ ಹೆಚ್ಚಿಸುವಾಗ ನಡುಗುತ್ತಿದ್ದವು.

ಆ ಕಾರುಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. ಕೂಲರ್ ರೇಡಿಯೇಟರ್‌ನೊಳಗಿರುವ ಯಾವ ಕಾರಿನಲ್ಲಾದರೂ, ವಯಸ್ಸಾದಂತೆ, ಇದೇ ದಾರಿ ತೆರೆದಿರುತ್ತದೆ.

ಗೇರ್‌ಬಾಕ್ಸ್ ಎಣ್ಣೆಯ ಒತ್ತಡ ಕೂಲಂಟ್‌ನದಕ್ಕಿಂತ ಹೆಚ್ಚು ಎಂದು ಓದಿದ್ದೇನೆ. ಹಾಗಿದ್ದರೆ ಎಣ್ಣೆ ತಾನೇ ಹೊರಗೆ ಬರಬೇಕು?

ಬಹಳ ಒಳ್ಳೆಯ ಪ್ರಶ್ನೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ ಹಾಗೆಯೇ ಆಗುತ್ತದೆ. ಎಣ್ಣೆ ಕೂಲಂಟ್‌ಗೆ ನುಸುಳುತ್ತದೆ. ಆದರೆ ನೀವು ಮನೆ ತಲುಪಿ ಕಾರು ನಿಲ್ಲಿಸಿದ ಕ್ಷಣ ಗೇರ್‌ಬಾಕ್ಸ್ ಪಂಪ್ ನಿಲ್ಲುತ್ತದೆ, ಎಣ್ಣೆಯ ಒತ್ತಡ ಇಲ್ಲವಾಗುತ್ತದೆ. ಕೂಲಂಟ್ ಮಾತ್ರ ಇನ್ನೂ ಕುದಿಬಿಸಿಯಲ್ಲಿ, ಮುಚ್ಚಳದಡಿ ಸುಮಾರು 1 ಬಾರ್ ಒತ್ತಡದಲ್ಲಿ ಇರುತ್ತದೆ. ಅದು ತಣಿಯುವ ತನಕ ಅದೇ ಬಿರುಕಿನ ಮೂಲಕ ಹಿಂದಕ್ಕೆ, ಎಣ್ಣೆಯ ಕಡೆಗೆ ತಳ್ಳುತ್ತಲೇ ಇರುತ್ತದೆ. ಪ್ರತಿ ರಾತ್ರಿ ಒಂದಿಷ್ಟು. ಮಾಲೀಕರು ಮಲಗಿರುವಾಗ ಗೇರ್‌ಬಾಕ್ಸ್ ಹಾಳಾಗುತ್ತಿರುತ್ತದೆ ಎನ್ನುವುದು ನನ್ನನ್ನು ಈಗಲೂ ಕಾಡುವ ಸಂಗತಿ.

ಬೆರೆತಿದೆ ಎಂದು ಮನೆಯಲ್ಲೇ ತಿಳಿಯಬಹುದೇ?

ಕಾರು ಪೂರ್ತಿ ತಣ್ಣಗಿರುವಾಗ, ಬೆಳಗ್ಗೆ, ಬಾನೆಟ್ ತೆಗೆದು ಕೂಲಂಟ್ ಡಬ್ಬಿಯನ್ನು ಟಾರ್ಚ್ ಹಾಕಿ ನೋಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ, ಚಿಮ್ಮಿದ ಕೂಲಂಟ್ ಮುಖವನ್ನು ಸುಡುತ್ತದೆ. ಒಳ್ಳೆಯ ಕೂಲಂಟ್ ಯಾವ ಬಣ್ಣದ್ದಾದರೂ ಶರಬತ್ತಿನಂತೆ ತಿಳಿಯಾಗಿರುತ್ತದೆ. ಮೇಲೆ ಎಣ್ಣೆಯ ಪೊರೆ, ಡಬ್ಬಿಯ ಗೋಡೆಗೆ ಜಿಡ್ಡು, ಗುಲಾಬಿ ಅಥವಾ ಕಂದು ಕೆನೆ ಕಂಡರೆ ಅದು ಎಚ್ಚರಿಕೆ. ಬೆರಳಿಗೆ ಒಂದು ಹನಿ ತೆಗೆದು ಉಜ್ಜಿ ನೋಡುವ ಅಭ್ಯಾಸವಿದ್ದವರು ಕೈ ಚೆನ್ನಾಗಿ ತೊಳೆಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು, ಕರುಗಳು ನೆಕ್ಕಿ ಸಾಯುತ್ತವೆ. ಚೆಲ್ಲಿದರೆ ನೀರು ಹಾಕಿ ತೊಳೆದು ಬಿಡಿ, ಹಳೆಯ ಕೂಲಂಟನ್ನು ಚರಂಡಿಗೆ ಸುರಿಯಬೇಡಿ.

ಗೇರ್‌ಬಾಕ್ಸ್ ಕಡೆ ನೋಡುವುದು ಈಗ ಕಷ್ಟವಾಗಿದೆ, ಏಕೆಂದರೆ ಹೊಸ ಕಾರುಗಳಲ್ಲಿ ಎಟಿಎಫ್ ಅಳೆಯುವ ಡಿಪ್‌ಸ್ಟಿಕ್ ಇರುವುದು ಅಪರೂಪ. ಇದ್ದರೆ ಹೊರಗೆಳೆದು ನೋಡಿ. ಕೆಂಪು ತಿಳಿ ಎಣ್ಣೆಯ ಬದಲು ಗುಲಾಬಿ ಹಾಲಿನ ಬಣ್ಣ ಕಂಡರೆ ಅನುಮಾನವೇ ಬೇಡ. ಇಲ್ಲದಿದ್ದರೆ ವರ್ಕ್‌ಶಾಪ್‌ನಲ್ಲಿ ಲೆವೆಲ್ ಬೋಲ್ಟ್ ಮೂಲಕ ಸ್ವಲ್ಪ ತೆಗೆಸಿ. ಬಣ್ಣ ಬದಲಾಗದಷ್ಟು ಅಲ್ಪ ಪ್ರಮಾಣದ ಗ್ಲೈಕಾಲ್ ಕೂಡ ಹಾನಿ ಮಾಡುವುದರಿಂದ, ನಡುಕವಿದ್ದೂ ಎಣ್ಣೆ ಕಣ್ಣಿಗೆ ಚೆನ್ನಾಗಿ ಕಂಡರೆ ಎಣ್ಣೆ ಪರೀಕ್ಷಿಸುವ ಲ್ಯಾಬ್‌ಗೆ ಕಳಿಸುವುದು ಉತ್ತಮ. ಕೂಲಂಟ್‌ನ ರಾಸಾಯನಿಕಗಳಿಂದ ಬರುವ ಸೋಡಿಯಂ, ಪೊಟ್ಯಾಸಿಯಂ ಅಲ್ಲಿ ಸಿಕ್ಕಿಬೀಳುತ್ತವೆ.

ಇನ್ನೊಂದು ಸುಳಿವು: ಹೊರಗೆ ಎಲ್ಲೂ ಸೋರಿಕೆ ಇಲ್ಲ, ಹೊಗೆಯಲ್ಲಿ ಬಿಳುಪಿಲ್ಲ, ಆದರೂ ಕೂಲಂಟ್ ಕಡಿಮೆಯಾಗುತ್ತಿದೆ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಸುಮ್ಮನೆ ತುಂಬಿಸಿ ಕಳಿಸಿದರೆ ಒಪ್ಪಬೇಡಿ.

ಕೂಲಂಟ್‌ನಲ್ಲಿ ಕಂಡ ಎಣ್ಣೆಯೆಲ್ಲ ಗೇರ್‌ಬಾಕ್ಸ್‌ನದೇ ಆಗಿರಬೇಕಿಲ್ಲ. ಎಂಜಿನ್‌ನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಅಥವಾ ಎಂಜಿನ್ ಆಯಿಲ್ ಕೂಲರ್ ಹೋಗಿದ್ದರೂ ಎಣ್ಣೆ ಬರುತ್ತದೆ. ಅದು ಹೆಚ್ಚಾಗಿ ಕಂದು, ಎಟಿಎಫ್‌ನದು ಗುಲಾಬಿ.

ಬೆರೆತಿರುವುದು ಕಂಡಿದೆ. ಈಗ ಏನು?

ಕಾರನ್ನು ಸ್ಟಾರ್ಟ್ ಮಾಡಬೇಡಿ. ‘ವರ್ಕ್‌ಶಾಪ್ ಎರಡೇ ಕಿಲೋಮೀಟರ್’ ಎಂದು ಓಡಿಸಬೇಡಿ. ಎಂಜಿನ್ ತಿರುಗಿದರೆ ಪಂಪ್ ಆ ಮಿಶ್ರಣವನ್ನು ಪ್ರತಿ ಕ್ಲಚ್‌ಗೂ ತಲುಪಿಸುತ್ತದೆ. ಫ್ಲ್ಯಾಟ್‌ಬೆಡ್ ಲಾರಿ ತರಿಸಿ, ನಾಲ್ಕೂ ಚಕ್ರ ಮೇಲಿರಲಿ. ಹಗ್ಗ ಕಟ್ಟಿ ಎಳೆಸಿದರೆ ಎಂಜಿನ್ ನಿಂತಿದ್ದರೂ ಚಕ್ರಗಳು ಗೇರ್‌ಬಾಕ್ಸನ್ನು ಎಣ್ಣೆಯ ಒತ್ತಡವಿಲ್ಲದೆ ತಿರುಗಿಸುತ್ತವೆ.

ಒಂದು ಸಲ ಎಣ್ಣೆ ಬದಲಿಸಿದರೆ ಏಕೆ ಸಾಲದು ಎನ್ನುವುದು ಸರಳ ಲೆಕ್ಕ. 8 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನ ಕೆಳಗಿನ ಬೋಲ್ಟ್ ಬಿಚ್ಚಿದರೆ 4 ಲೀಟರ್ ಬಂದರೆ ಹೆಚ್ಚು, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೂ ಪೈಪುಗಳಲ್ಲೂ ನಿಲ್ಲುತ್ತದೆ. ಹೀಗೆ ಮೂರು ಸಲ ಮಾಡಿದರೂ ಹಳೆಯದರ ಎಂಟನೇ ಒಂದು ಭಾಗ ಒಳಗೇ ಇರುತ್ತದೆ. ಪ್ಲೇಟ್‌ಗಳು ಹೀರಿಕೊಂಡದ್ದು ಆ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಭಾವನವರ ಕಾರಿನಲ್ಲಿ ಇನ್ನೂ ಕೆಟ್ಟದ್ದಾಯಿತು. ಸೋರುವ ರೇಡಿಯೇಟರನ್ನು ಹಾಗೇ ಬಿಟ್ಟು ಹೊಸ ಎಣ್ಣೆ ತುಂಬಿಸಿದ್ದರಿಂದ ಅದೂ ಕೆಟ್ಟಿತು.

ತೀರಾ ಆರಂಭದಲ್ಲಿ, ನಡುಕವೂ ಬರುವ ಮೊದಲು ಸಿಕ್ಕಿಬಿದ್ದರೆ, ಹೊಸ ರೇಡಿಯೇಟರ್ ಹಾಕಿ, ಕೂಲರ್ ಪೈಪುಗಳನ್ನು ತೊಳೆದು, ಯಂತ್ರದ ಮೂಲಕ ಎಟಿಎಫ್ ಪೂರ್ತಿ ಬದಲಿಸಿ ಉಳಿಸಿಕೊಂಡವರಿದ್ದಾರೆ. ನಡುಕ ಬಂದಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್‌ಗಳನ್ನೂ ಸೀಲುಗಳನ್ನೂ ಹೊಸದು ಹಾಕಬೇಕು, ಟಾರ್ಕ್ ಕನ್ವರ್ಟರನ್ನೂ ಬದಲಿಸಬೇಕು. ಅದನ್ನು ಉಳಿಸಿಕೊಳ್ಳುವ ಉಳಿತಾಯ ಬೇಡ.

ಬರೀ ನೀರು ಹಾಕಿದರೆ ಏನು ತೊಂದರೆ? ನಮ್ಮಲ್ಲಿ ಚಳಿಯೇ ಇಲ್ಲವಲ್ಲ.

ಕೂಲಂಟ್ ಹಿಮದ ದೇಶಕ್ಕೆ ಮಾತ್ರ ಎಂಬ ನಂಬಿಕೆಯೇ ನಮ್ಮಲ್ಲಿ ಹೆಚ್ಚು ರೇಡಿಯೇಟರ್‌ಗಳನ್ನು ಕೊಂದಿದೆ ಎಂದು ನನಗನಿಸುತ್ತದೆ. ನೀರಿನೊಂದಿಗೆ ಸಮಪಾಲು ಬೆರೆಸಿದ ಕೂಲಂಟ್ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ, ನಿಜ. ನಮಗೆ ಬೇಕಾದದ್ದು ಇನ್ನೊಂದು ತುದಿ. ಅದೇ ಮಿಶ್ರಣ 1 ಬಾರ್ ಮುಚ್ಚಳದಡಿ ಸುಮಾರು 129 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಎಸಿ ಹಾಕಿಕೊಂಡು ಓಡಾಡುವವರಿಗೆ ಆ ಅಂತರ ಬೇಕೇ ಬೇಕು.

ಅದಕ್ಕಿಂತ ದೊಡ್ಡ ಮಾತು ತುಕ್ಕು. ಕೂಲಂಟ್‌ನಲ್ಲಿ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ಕಾಯುವ ರಾಸಾಯನಿಕಗಳಿರುತ್ತವೆ, ನೀರಿನಲ್ಲಿ ಇರುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಇರುವುದು ಸುಣ್ಣದ ಅಂಶ. ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುವುದನ್ನು ನೋಡಿದ್ದೀರಲ್ಲ, ಅದೇ ಪದರ ಎಟಿಎಫ್ ಕೂಲರ್ ಮೇಲೂ ಕೂರುತ್ತದೆ. ಆಗ ಎಣ್ಣೆಯ ಬಿಸಿ ಹೊರಗೆ ದಾಟುವುದಿಲ್ಲ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲೇ ಇದ್ದರೂ ಗೇರ್‌ಬಾಕ್ಸ್ ಬೇಯುತ್ತಿರಬಹುದು. ದಾರಿಯಲ್ಲಿ ಹೋಸ್ ಒಡೆದು ನೀರು ತುಂಬಿಸಬೇಕಾಗಿ ಬಂದರೆ ತುಂಬಿಸಿ, ಊರಿಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿಸಿ. ಗಾಢ ಕೂಲಂಟ್ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ.

ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಹಾಕಿದರೆ ಸರಿಯೇ?

ಸರಿಯಲ್ಲ. ಬಣ್ಣಕ್ಕೆ ಯಾವ ಒಪ್ಪಿತ ನಿಯಮವೂ ಇಲ್ಲ, ಅದು ಕಂಪನಿ ಬೆರೆಸಿದ ರಂಗು. ಒಂದೇ ಕೆಂಪಿನಲ್ಲಿ ಎರಡು ಬೇರೆ ರಸಾಯನಗಳಿರಬಹುದು. ಹೊಂದದ ಬಗೆಗಳು ಬೆರೆತರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಾಗಿ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಕಾರಿನ ಕೈಪಿಡಿಯಲ್ಲಿ ಬರೆದ ಬಗೆಯನ್ನೇ ಕೊಳ್ಳಿ.

ಎಂಜಿನ್ ಒಮ್ಮೆ ಓವರ್‌ಹೀಟ್ ಆಗಿತ್ತು. ಗೇರ್‌ಬಾಕ್ಸ್‌ಗೂ ಪೆಟ್ಟಾಗಿರಬಹುದೇ?

ಆಗಿರಬಹುದು. ಕೂಲಂಟ್ 115 ಡಿಗ್ರಿಗೇರಿದರೆ ಎಟಿಎಫ್ ಅದಕ್ಕಿಂತ ತಣ್ಣಗಾಗುವ ದಾರಿಯೇ ಇರುವುದಿಲ್ಲ. ಕೂಲಂಟ್ ಸೋರಿ ಖಾಲಿಯಾಗಿದ್ದರೆ ಕೂಲರ್ ಸುತ್ತ ಬರೀ ಆವಿ ಇರುತ್ತದೆ. ಎಂಜಿನ್ ರಿಪೇರಿಯ ಜೊತೆಗೇ ಎಟಿಎಫ್ ತೆಗೆಸಿ, ಬಣ್ಣ ಮತ್ತು ವಾಸನೆ ನೋಡಿಸಿ. ನನ್ನನ್ನು ಕೇಳಿದರೆ ಬದಲಿಸಿಬಿಡಿ ಎನ್ನುತ್ತೇನೆ.

ಥರ್ಮೋಸ್ಟಾಟ್ ಕಿತ್ತುಹಾಕಿದರೆ ಎಲ್ಲವೂ ತಂಪಾಗಿರುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ನಿಜವೇ?

ದಯವಿಟ್ಟು ಒಪ್ಪಬೇಡಿ. ಥರ್ಮೋಸ್ಟಾಟ್ ಎಂದರೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ಅದು ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಗೇರ್‌ಬಾಕ್ಸ್‌ನ ಕಂಪ್ಯೂಟರ್ ಕೂಲಂಟ್ ಸೆನ್ಸರ್‌ನ ಮಾತನ್ನು ಕೇಳುತ್ತದೆ. ಎಂಜಿನ್ ತಣ್ಣಗಿದೆ ಎಂದು ಗೊತ್ತಾದರೆ ಮೇಲಿನ ಗೇರ್ ಹಾಕುವುದನ್ನೂ ಲಾಕ್‌ಅಪ್ ಮಾಡುವುದನ್ನೂ ತಡಮಾಡುತ್ತದೆ. ಲಾಕ್‌ಅಪ್ ಇಲ್ಲದೆ ಓಡಿದಷ್ಟೂ ಕನ್ವರ್ಟರ್‌ನಲ್ಲಿ ಬಿಸಿ ಹೆಚ್ಚು, ಇಂಧನವೂ ಹೆಚ್ಚು. ತಂಪಿಗೆಂದು ಮಾಡಿದ ಕೆಲಸ ಗೇರ್‌ಬಾಕ್ಸ್‌ಗೆ ಬಿಸಿ ತರುತ್ತದೆ. ಸೆನ್ಸರ್ ಕೆಟ್ಟಿದ್ದರೂ ಇದೇ ಕಥೆ. ಗೇರ್ ತಡವಾಗಿ ಬೀಳುತ್ತಿದೆ ಎಂದು ಗೇರ್‌ಬಾಕ್ಸ್ ಬಿಚ್ಚುವ ಮೊದಲು ಸ್ಕ್ಯಾನರ್‌ನಲ್ಲಿ ಪಿ0128 ಸಂಕೇತ ಇದೆಯೇ ನೋಡಿಸಿ. ಕೂಲಂಟ್ ಬೇಕಾದ ಬಿಸಿಗೆ ಬರುತ್ತಿಲ್ಲ ಎಂದು ಅದರರ್ಥ, ರಿಪೇರಿಯ ಖರ್ಚೂ ಸಣ್ಣದು.

ಎಟಿಎಫ್‌ಗೆ ಪ್ರತ್ಯೇಕ ಗಾಳಿ ಕೂಲರ್ ಹಾಕಿಸಬಹುದೇ?

ರೇಡಿಯೇಟರ್ ಕೂಲರ್ ಅನ್ನು ಸಂಪೂರ್ಣ ಬಿಟ್ಟು ಹೊರಗಿನ ಕೂಲರ್‌ಗೆ ಪೈಪ್ ತಿರುಗಿಸಿದರೆ ಬೆರೆಯುವ ಅಪಾಯ ತಪ್ಪುತ್ತದೆ. ಪಾತ್‌ಫೈಂಡರ್ ಮಾಲೀಕರಲ್ಲಿ ಹಲವರು ಮಾಡಿದ್ದು ಅದನ್ನೇ. ಕರ್ನಾಟಕದ ಹವೆಗೆ ಅದು ನಡೆಯುತ್ತದೆ, ಆದರೆ ವಾರಂಟಿ ಇರುವ ಕಾರಿಗೆ ಬೇಡ. ಟೊರಾಂಟೊ, ಷಿಕಾಗೊಗಳಲ್ಲಿರುವ ನಮ್ಮವರು ಇನ್ನೂ ಯೋಚಿಸಬೇಕು. ಅಲ್ಲಿನ ಚಳಿಗಾಲದಲ್ಲಿ ಕೂಲಂಟ್ ಎಟಿಎಫ್ಅನ್ನು ತಣಿಸುವುದಕ್ಕಿಂತ ಬೇಗ ಬಿಸಿಮಾಡುವ ಕೆಲಸವನ್ನೇ ಹೆಚ್ಚು ಮಾಡುತ್ತದೆ. ಅದನ್ನು ಕಳಚಿದರೆ ಗಟ್ಟಿ ಎಣ್ಣೆಯಲ್ಲೇ ಬಹಳ ದೂರ ಓಡಬೇಕಾಗುತ್ತದೆ.

ಎಷ್ಟು ದಿನಕ್ಕೊಮ್ಮೆ ಏನು ಮಾಡಿಸಬೇಕು?

ಕೈಪಿಡಿಯೇ ಮೊದಲ ಮಾತು. ಸ್ಥೂಲವಾಗಿ ಹಳೆಯ ಹಸಿರು ಬಗೆಯ ಕೂಲಂಟ್‌ಗೆ 2 ವರ್ಷ, ಸಾವಯವ ಆಮ್ಲದ ದೀರ್ಘಬಾಳಿಕೆ ಬಗೆಗೆ 5 ವರ್ಷ. ಎಟಿಎಫ್ ‘ಜೀವಮಾನವಿಡೀ ಸಾಕು’ ಎಂದು ಬರೆದಿದ್ದರೂ ನಮ್ಮ ಸಂಚಾರದಲ್ಲಿ ನಾನು 60,000 ಕಿಲೋಮೀಟರ್‌ಗೆ ಬದಲಿಸುತ್ತೇನೆ. ಕೂಲರ್ ಒಳಗಿರುವ ರೇಡಿಯೇಟರ್‌ಗೆ ಹತ್ತು ವರ್ಷ ತುಂಬಿದರೆ, ಅದು ಸೋರದಿದ್ದರೂ, ಹೊಸದು ಹಾಕಿಸುವುದು ನನ್ನ ಪದ್ಧತಿ. ರೇಡಿಯೇಟರ್‌ನ ಬೆಲೆ ಗೇರ್‌ಬಾಕ್ಸ್ ರಿಪೇರಿಯ ಒಂದು ಸಣ್ಣ ಪಾಲು.

ಹಳೆಯ ಆಟೋಮ್ಯಾಟಿಕ್ ಕಾರು ಕೊಳ್ಳಲು ಹೊರಟಿದ್ದೇನೆ. ಏನು ನೋಡಲಿ?

ಮಾರುವವರಿಗೆ ಮೊದಲೇ ಹೇಳಿ, ಬೆಳಗ್ಗೆ ಕಾರು ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಕೂಲಂಟ್ ಡಬ್ಬಿ ತೀರಾ ಹೊಸದಾಗಿ ಹೊಳೆಯುತ್ತಿದ್ದು ಉಳಿದದ್ದೆಲ್ಲ ಹಳೆಯದಾಗಿದ್ದರೆ ಏಕೆ ಬದಲಿಸಿದರೆಂದು ಕೇಳಿ, ಬಿಲ್ ತೋರಿಸಲು ಹೇಳಿ. ರೇಡಿಯೇಟರ್ ಮುಚ್ಚಳದ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಆಮೇಲೆ ಅರ್ಧ ಗಂಟೆ ಓಡಿಸಿ, 60ರಿಂದ 80 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿಯಿರಿ. ಲಾಕ್‌ಅಪ್ ಕ್ಲಚ್ ಕೂರುವ ಹೊತ್ತಿಗೆ ಸ್ಟಿಯರಿಂಗ್‌ನಲ್ಲೂ ಸೀಟಿನಲ್ಲೂ ಸಣ್ಣ ನಡುಕ ಬಂದರೆ, ‘ರಸ್ತೆ ಸರಿಯಿಲ್ಲ’ ಎಂಬ ಉತ್ತರ ಬಂದರೂ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ. ನಡುಕ ಅದೇ ವೇಗದಲ್ಲಿ ಮರಳಿದರೆ ಆ ಕಾರನ್ನು ಬಿಡಿ.